ಹೊರನಾಡಿನಲ್ಲಿ ಹಳೇ ಕಾರು: ಎಂಜಿನ್ನಿಗಿಂತ ಮೊದಲು ಕಾಗದ ನೋಡಿ

ಪುಣೆಯಿರಲಿ, ಹೈದರಾಬಾದಿರಲಿ, ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಕಾರಿನ ಮಾತು ಶುರುವಾಗುವುದು ಗಣೇಶನ ಹಬ್ಬಕ್ಕೆ ಒಂದು ತಿಂಗಳು ಮುಂಚೆ. ರೈಲಿನ ಟಿಕೆಟ್ ವೇಟಿಂಗ್ ಲಿಸ್ಟಿನಲ್ಲಿ ಕೂತಿರುತ್ತದೆ. ಖಾಸಗಿ ಬಸ್ಸಿನ ದರ ಕೇಳಿದರೆ ತಲೆ ತಿರುಗುತ್ತದೆ. ಇಬ್ಬರು ಮಕ್ಕಳು, ನಾಲ್ಕು ಬ್ಯಾಗು, ಅಜ್ಜಿಗೆಂದು ತೆಗೆದಿಟ್ಟ ಸೀರೆ, ಎಲ್ಲ ಹೊತ್ತುಕೊಂಡು ರಾತ್ರಿ ಹನ್ನೊಂದಕ್ಕೆ ಬೈಪಾಸಿನಲ್ಲಿ ಬಸ್ಸು ಕಾಯುವುದನ್ನು ನೆನೆದರೆ 'ನಮ್ಮದೇ ಒಂದು ಗಾಡಿ ಇದ್ದಿದ್ದರೆ' ಅನ್ನಿಸದೆ ಇರದು. ಹೊಸದು ಕೊಳ್ಳೋಣವೆಂದರೆ ಇನ್ನೆರಡು ವರ್ಷಕ್ಕೆ ಕಂಪನಿ ಎಲ್ಲಿಗೆ ಕಳಿಸುತ್ತದೋ ಗೊತ್ತಿಲ್ಲ. ಹಾಗಾಗಿ ಕಣ್ಣು ಸಹಜವಾಗಿಯೇ ಸೆಕೆಂಡ್ ಹ್ಯಾಂಡ್ ಕಾರಿನ ಕಡೆ ಹೊರಳುತ್ತದೆ.

ಅದು ಒಳ್ಳೆಯ ಆಲೋಚನೆಯೇ. ಹೊಸ ಕಾರಿನ ಬೆಲೆ ಅತಿ ವೇಗವಾಗಿ ಇಳಿಯುವುದು ಮೊದಲ ಮೂರು ನಾಲ್ಕು ವರ್ಷಗಳಲ್ಲಿ. ಆ ನಷ್ಟವನ್ನು ಬೇರೆಯವರು ಹೊತ್ತ ಮೇಲೆ ನೀವು ಕೊಳ್ಳುತ್ತೀರಿ. ಆದರೆ ಹಳೇ ಕಾರಿನ ಬಗ್ಗೆ ಸಿಗುವ ಸಲಹೆಗಳೆಲ್ಲ ಎಂಜಿನ್, ಮೈಲೇಜ್, ಟೈರುಗಳ ಸುತ್ತಲೇ ಸುತ್ತುತ್ತವೆ. ಸ್ವಂತ ರಾಜ್ಯದಲ್ಲೇ ಇರುವವರಿಗೆ ಅಷ್ಟು ಸಾಕು. ನಮಗೆ ಸಾಲದು. ನಮ್ಮ ಕಾರು ರಾಜ್ಯದ ಗಡಿಯನ್ನು ಐದು ನಿಮಿಷದಲ್ಲಿ ದಾಟುತ್ತದೆ, ಅದರ ಕಾಗದಗಳು ದಾಟುವುದಕ್ಕೆ ತಿಂಗಳುಗಳೇ ಬೇಕು. ಹೊರನಾಡಿನ ಕನ್ನಡಿಗರಿಗೆ ಹಳೇ ಕಾರಿನಿಂದ ಆಗುವ ದೊಡ್ಡ ನಷ್ಟಗಳು ಬಾನೆಟ್ಟಿನ ಕೆಳಗಿಂದ ಬರುವುದು ಕಡಿಮೆ, ಫೈಲಿನೊಳಗಿಂದ ಬರುವುದೇ ಹೆಚ್ಚು. ಅದಕ್ಕೇ ಈ ಲೇಖನದಲ್ಲಿ ಕಾಗದ ಮೊದಲು, ಯಂತ್ರ ಆಮೇಲೆ.

ಕೆಎ ಪ್ಲೇಟೋ, ಎಂಎಚ್ ಪ್ಲೇಟೋ?

ನಮ್ಮವರು ಮೊದಲು ಕೇಳುವ ಪ್ರಶ್ನೆ ಇದೇ. "ಬೆಳಗಾವಿಯಲ್ಲಿ ಮಾವನ ಪರಿಚಯದವರ ಕಾರು ಇದೆ, ಐವತ್ತು ಸಾವಿರ ಕಡಿಮೆಗೆ ಕೊಡುತ್ತಾರಂತೆ, ತರಲಾ?"

ಮೋಟಾರು ವಾಹನ ಕಾಯ್ದೆ, 1988ರ 47ನೇ ಸೆಕ್ಷನ್ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿ ಹೊಸ ನಂಬರು ಪಡೆಯಬೇಕು. ಈ 12 ತಿಂಗಳ ಅವಕಾಶ ಇರುವುದು ತನ್ನದೇ ಗಾಡಿಯನ್ನು ಜೊತೆಗೆ ತಂದವರಿಗೆ. ಬೆಂಗಳೂರಿನಿಂದ ವರ್ಗವಾಗಿ ಬಂದವರು ತಮ್ಮ ಕಾರನ್ನು ತಂದರೆ ಒಂದು ವರ್ಷ ನಿರಾಳ. ಆದರೆ ಪುಣೆಯಲ್ಲಿ ವಾಸವಿರುವವರು ಬೆಳಗಾವಿಯ ಕಾರು ಕೊಂಡರೆ ಮಾಲೀಕತ್ವವನ್ನೇ ಪುಣೆಯ ವಿಳಾಸಕ್ಕೆ ಬದಲಾಯಿಸಬೇಕು. ಅದಕ್ಕೆ ಬೆಳಗಾವಿಯ ಆರ್‌ಟಿಓದಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎಲ್ಲರೂ ಹೇಳುವ ಎನ್‌ಒಸಿ, ತೆಗೆಸಬೇಕು. ಯಾವ ಊರಿನ ಆರ್‌ಟಿಓಗೆ ಎನ್ನುವುದು ಅದರಲ್ಲೇ ನಮೂದಾಗಿರುತ್ತದೆ. ಹೈದರಾಬಾದಿಗೆಂದು ತೆಗೆಸಿದ ಎನ್‌ಒಸಿ ಪುಣೆಯಲ್ಲಿ ನಡೆಯುವುದಿಲ್ಲ.

ಆಮೇಲೆ ತೆರಿಗೆ. ಕರ್ನಾಟಕದಲ್ಲಿ ಹೊಸ ಕಾರಿನ ಜೀವಿತಾವಧಿ ತೆರಿಗೆ ಬೆಲೆಗೆ ತಕ್ಕಂತೆ ಸುಮಾರು 13ರಿಂದ 18 ಶೇಕಡಾ, ಅದರ ಮೇಲೆ ಸೆಸ್. ದೇಶದಲ್ಲೇ ಹೆಚ್ಚು ತೆರಿಗೆಯ ರಾಜ್ಯಗಳಲ್ಲಿ ನಮ್ಮದೂ ಒಂದು. ಆ ತೆರಿಗೆ ಕಟ್ಟಿದ ಕಾರು ಮಹಾರಾಷ್ಟ್ರಕ್ಕೆ ಬಂದರೆ ಇಲ್ಲಿಯ ತೆರಿಗೆಯನ್ನು, ಗಾಡಿಯ ವಯಸ್ಸಿಗೆ ತಕ್ಕ ಲೆಕ್ಕದಲ್ಲಿ, ಮತ್ತೆ ಕಟ್ಟಬೇಕು. ಉಳಿದ ಅವಧಿಯ ತೆರಿಗೆಯನ್ನು ಮೊದಲಿನ ರಾಜ್ಯದಿಂದ ವಾಪಸು ಕೇಳಬಹುದು. ಆದರೆ ಇಲ್ಲಿ ಹೊಸ ನಂಬರು ಸಿಕ್ಕ ಮೇಲೆಯೇ ಅಲ್ಲಿ ಅರ್ಜಿ. ಕಟ್ಟುವುದು ಇವತ್ತು, ಬರುವುದು ಯಾವತ್ತೋ. ಲೆಕ್ಕ ಹಾಕುವಾಗ ಬರುವ ಹಣವನ್ನು ಬದಿಗಿಟ್ಟೇ ಲೆಕ್ಕ ಹಾಕಿ. ಹಾಗೆ ಹಾಕಿದಾಗ ಮಾವನ ಕಡೆಯವರ ಐವತ್ತು ಸಾವಿರ ಉಳಿತಾಯ ತೆರಿಗೆಯಲ್ಲಿ, ಏಜೆಂಟಿನ ಫೀಸಿನಲ್ಲಿ, ಎರಡು ಸಲ ರಜೆ ಹಾಕಿ ಬೆಳಗಾವಿಗೆ ಓಡಾಡಿದ್ದರಲ್ಲಿ ಕರಗಿಹೋಗುವುದು ನಿಮಗೇ ಕಾಣುತ್ತದೆ.

ಹಾಗಾದರೆ ಸುಲಭದ ಸೂತ್ರ ಇಷ್ಟು. ಇರುವ ಊರಿನಲ್ಲೇ ಇನ್ನು ಮೂರು ನಾಲ್ಕು ವರ್ಷ ಇರುತ್ತೀರಿ ಎಂದಾದರೆ ಆ ರಾಜ್ಯದ ನಂಬರಿನ ಕಾರನ್ನೇ ಕೊಳ್ಳಿ. ಒಂದೆರಡು ವರ್ಷದಲ್ಲಿ ಕರ್ನಾಟಕಕ್ಕೆ ಮರಳುವುದು ಖಚಿತವಾಗಿದ್ದರೆ, ಅಲ್ಲಿಗೆ ಹೋದ ಮೇಲೆಯೇ ಕೊಳ್ಳಿ. ಹೆಚ್ಚು ತೆರಿಗೆಯ ರಾಜ್ಯಕ್ಕೆ ಹೊರಗಿನ ಕಾರು ಒಯ್ಯುವುದು ಇನ್ನೂ ದುಬಾರಿ.

ಮೂರನೆಯ ದಾರಿಯೂ ಒಂದಿದೆ. 2021ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಬಿಎಚ್ ಸರಣಿ. ಕೇಂದ್ರ, ರಾಜ್ಯ ಸರ್ಕಾರಿ ನೌಕರರಿಗೆ, ರಕ್ಷಣಾ ಸಿಬ್ಬಂದಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಗಳ ಉದ್ಯೋಗಿಗಳಿಗೆ ಇದು ಸಿಗುತ್ತದೆ. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು, ರಾಜ್ಯ ಬದಲಾದರೂ ನಂಬರು ಬದಲಾಗದು. ಹಳೇ ಕಾರು ನೋಡುವಾಗ ಬಿಎಚ್ ನಂಬರಿನದು ಸಿಕ್ಕರೆ ಎರಡು ಪ್ರಶ್ನೆ ಕೇಳಿ: ತೆರಿಗೆ ಯಾವ ತಿಂಗಳವರೆಗೆ ಕಟ್ಟಿದೆ? ಆ ನಂಬರನ್ನು ಮುಂದುವರಿಸುವ ಅರ್ಹತೆ ನನಗಿದೆಯೇ? ಇಲ್ಲದಿದ್ದರೆ ಅದನ್ನು ನಿಮ್ಮ ರಾಜ್ಯದ ಸಾಮಾನ್ಯ ನಂಬರಿಗೆ ಬದಲಾಯಿಸಿಕೊಳ್ಳಬೇಕು, ಅಲ್ಲಿಯ ತೆರಿಗೆಯನ್ನು ನೀವೇ ಕಟ್ಟಬೇಕು.

ದಿಲ್ಲಿಯ ಕಾರು ಅಗ್ಗವಾಗಿ ಸಿಗುತ್ತದೆ ಎಂಬ ಜಾಹೀರಾತು ನೋಡಿದವರಿಗೆ ಒಂದು ಮಾತು. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. 2025ರಲ್ಲೂ ಅದರ ಸುತ್ತ ಆದೇಶಗಳು ಬದಲಾಗುತ್ತಲೇ ಇದ್ದವು. ಈ ಗೊಂದಲದಿಂದಾಗಿ ಒಂಬತ್ತು ವರ್ಷದ ದೊಡ್ಡ ಡೀಸೆಲ್ ಗಾಡಿಗಳು ದಕ್ಷಿಣಕ್ಕೆ ಹರಿದುಬರುತ್ತವೆ. ಗಾಡಿ ಕೆಟ್ಟದೆಂದಲ್ಲ, ಆದರೆ ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ಅಪ್ಪನ ಕಾರು

ಊರಿನ ಮನೆಯ ಕಾರಿನದು ಬೇರೆಯೇ ಕಥೆ. ಅಪ್ಪನಿಗೆ ಈಗ ಓಡಿಸಲು ಆಗುವುದಿಲ್ಲ, ಶೆಡ್ಡಿನಲ್ಲಿ ಸುಮ್ಮನೆ ನಿಂತಿದೆ, ನೀನೇ ತೊಗೊಂಡು ಹೋಗು ಅನ್ನುತ್ತಾರೆ. ಮನೆಯ ಕಾರಿಗೆ ಎಂಥ ಕಾಗದ ಎಂದು ಬಹಳ ಮಂದಿ ಹಾಗೇ ತಂದು ವರ್ಷಗಟ್ಟಲೆ ಓಡಿಸುತ್ತಾರೆ. ಕಾನೂನಿಗೆ ಮನೆಯವರು, ಹೊರಗಿನವರು ಎಂಬ ಭೇದವಿಲ್ಲ. ಕಾರು ನಿಮ್ಮಲ್ಲೇ ಉಳಿಯುವುದಾದರೆ ಅಪ್ಪನಿಂದ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು.

ಅಪ್ಪ ತೀರಿಕೊಂಡ ಮೇಲೆ ಬಂದ ಕಾರಿಗೆ ಇನ್ನೊಂದು ನಿಯಮ. ಮಾಲೀಕರು ಹೋದ 30 ದಿನದೊಳಗೆ ಆರ್‌ಟಿಓಗೆ ತಿಳಿಸಿದರೆ, ವಾರಸುದಾರರು ಮೂರು ತಿಂಗಳು ಆ ಗಾಡಿಯನ್ನು ಬಳಸಬಹುದು. ಅಷ್ಟರಲ್ಲಿ ಫಾರಂ 31 ತುಂಬಿ ಹೆಸರು ಬದಲಾಯಿಸಬೇಕು. ಆ ದಿನಗಳಲ್ಲಿ ಕಾರಿನ ಕಾಗದ ಯಾರ ತಲೆಗೂ ಹೊಳೆಯುವುದಿಲ್ಲ, ನಿಜ. ಆದರೂ ಮರಣ ಪ್ರಮಾಣಪತ್ರದ ಪ್ರತಿಗಳನ್ನು ತೆಗೆಸುವಾಗ ಇದಕ್ಕೂ ಒಂದು ಎತ್ತಿಡಿ, ಅಕ್ಕ ತಂಗಿ ಅಣ್ಣ ತಮ್ಮಂದಿರ ಒಪ್ಪಿಗೆಯ ಸಹಿಯನ್ನು ಎಲ್ಲರೂ ಊರಿನಲ್ಲಿರುವಾಗಲೇ ಹಾಕಿಸಿಕೊಳ್ಳಿ. ಆಮೇಲೆ ಒಬ್ಬರು ಚೆನ್ನೈ, ಒಬ್ಬರು ದುಬೈ, ಸಹಿಗಾಗಿ ಕೊರಿಯರ್ ಹಿಂದೆ ಓಡಬೇಕಾಗುತ್ತದೆ.

ಮೊಬೈಲಿನಲ್ಲೇ ಮೊದಲ ಜರಡಿ

ಕಾರು ನೋಡಲು ಹೋಗುವ ಮೊದಲೇ ಅದರ ನಂಬರು ಕೇಳಿ ಪಡೆಯಿರಿ. ಪರಿವಾಹನ್ ಜಾಲತಾಣದಲ್ಲೋ ಎಂಪರಿವಾಹನ್ ಆ್ಯಪಿನಲ್ಲೋ ಹಾಕಿದರೆ ನೋಂದಣಿ ದಿನಾಂಕ, ಇಂಧನ, ವಿಮೆಯ ಗಡುವು, ಹೊಗೆ ತಪಾಸಣೆಯ ಗಡುವು, ಸಾಲವಿದೆಯೇ ಎಂಬ ವಿವರಗಳು ಸಿಗುತ್ತವೆ. ಇ-ಚಲನ್ ಪುಟದಲ್ಲಿ ಬಾಕಿ ದಂಡ ನೋಡಿ. ಸಿಗ್ನಲ್ ಕ್ಯಾಮೆರಾ ಬಂದ ಮೇಲೆ ಕಾರಿನ ಬೆನ್ನಿಗೆ ಹತ್ತು ಹದಿನೈದು ದಂಡಗಳು ಜೋತು ಬಿದ್ದಿರುವುದು ಅಪರೂಪವಲ್ಲ. ಅವೆಲ್ಲ ತೀರುವವರೆಗೆ ವರ್ಗಾವಣೆಗೆ ತೊಡಕು.

ಆಮೇಲೆ ಮೂಲ ಕಾಗದಗಳು. ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲೆ ಕೆತ್ತಿದ್ದಕ್ಕೆ ಅಕ್ಷರ ಅಕ್ಷರ ಹೊಂದಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರ ಮತ್ತು ಫಾರಂ 35 ಎರಡೂ ಬೇಕು. "ಲೋನ್ ಕ್ಲೋಸ್ ಆಗಿದೆ ಸರ್, ಹೆಸರು ತೆಗೆಸಿಲ್ಲ ಅಷ್ಟೇ" ಎಂಬ ಮಾತಿಗೆ ಬೆಲೆಯಿಲ್ಲ. ಹೆಸರು ತೆಗೆಸಿ ಆಮೇಲೆ ಮಾತಾಡೋಣ ಅನ್ನಿ. ಎಷ್ಟನೆಯ ಮಾಲೀಕರು ಎಂಬುದನ್ನು ಬಾಯಿಮಾತಿನಿಂದ ನಂಬದೆ ಆರ್‌ಸಿಯಲ್ಲೇ ನೋಡಿ. ಎರಡು ಕೀಲಿ ಇವೆಯೇ ಕೇಳಿ. ಮುಂದೆ ಕಾರು ಕಳುವಾದರೆ ವಿಮೆ ಕಂಪನಿಯವರು ಮೊದಲು ಕೇಳುವುದೇ ಎರಡೂ ಕೀಲಿಗಳನ್ನು.

ವಯಸ್ಸನ್ನೂ ನೆನಪಿಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನಂತರ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿಮೂರು ವರ್ಷದ ಕಾರನ್ನು ಅಗ್ಗಕ್ಕೆ ಕೊಳ್ಳುವವರು ಎರಡೇ ವರ್ಷದಲ್ಲಿ ಆ ಬಾಗಿಲ ಮುಂದೆ ನಿಲ್ಲುತ್ತಾರೆ.

ವರ್ಷ ನೋಡುವುದಕ್ಕೆ ಇನ್ನೂ ಒಂದು ಕಾರಣವಿದೆ. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಬ್ರೇಕು, ಅದೇ ಜುಲೈಯಿಂದ ಚಾಲಕರ ಏರ್‌ಬ್ಯಾಗು ಕಡ್ಡಾಯವಾದವು. ಅದಕ್ಕಿಂತ ಹಿಂದಿನ ಕಾರುಗಳ ಕಡಿಮೆ ದರದ ಮಾದರಿಗಳಲ್ಲಿ ಇವೆರಡೂ ಇಲ್ಲದಿರಬಹುದು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಐನೂರು ಕಿಲೋಮೀಟರ್ ಹೋಗುವ ಕಾರಿನಲ್ಲಿ ಇವು ಇರಲೇಬೇಕು. ಮ್ಯೂಸಿಕ್ ಸಿಸ್ಟಮ್ ಆಮೇಲೆ ಹಾಕಿಸಬಹುದು, ಏರ್‌ಬ್ಯಾಗ್ ಹಾಕಿಸಲಾಗದು.

ಎತ್ತು ನೋಡಿದ ಹಾಗೆ ಕಾರು ನೋಡಿ

ನಮ್ಮ ಹಿರಿಯರು ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಮಾರುವವನ ಮಾತನ್ನು ಕೇಳಿಸಿಕೊಳ್ಳುತ್ತಿದ್ದರು, ನಂಬುತ್ತಿರಲಿಲ್ಲ. ಕಾರಿಗೂ ಅದೇ ಪದ್ಧತಿ.

ಬೆಳಿಗ್ಗೆ ಹೋಗಿ, ಬೆಳಕಿನಲ್ಲಿ ನೋಡಿ. ನೀವು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿರಬಹುದು. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದು ಕಷ್ಟ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಕಪ್ಪಾಗಿದ್ದರೆ ಚಿಂತೆಯಿಲ್ಲ, ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ನಮಸ್ಕಾರ ಹೇಳಿ ಹೊರಡಿ.

ಕೀಲಿ ಅರ್ಧ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಎಲ್ಲ ಎಚ್ಚರಿಕೆ ದೀಪಗಳೂ ಒಮ್ಮೆ ಹತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಆರದಿದ್ದರೆ ತೊಂದರೆ ಎಂದು ಎಲ್ಲರಿಗೂ ಗೊತ್ತು. ಏರ್‌ಬ್ಯಾಗಿನ ದೀಪವೋ ಎಂಜಿನ್ ದೀಪವೋ ಹತ್ತಲೇ ಇಲ್ಲವೆಂದರೆ ಅದು ಇನ್ನೂ ದೊಡ್ಡ ತೊಂದರೆ. ದೋಷ ಕಾಣದಿರಲೆಂದು ದೀಪವನ್ನೇ ಕಿತ್ತಿರಬಹುದು.

ಓಡೋಮೀಟರ್ ತಿರುಗಿಸುವುದು ಇವತ್ತು ಲ್ಯಾಪ್‌ಟಾಪಿನ ಕೆಲಸ. ಹಾಗಾಗಿ ಅಂಕಿಯನ್ನು ಬಿಟ್ಟು ಸವಕಳಿ ನೋಡಿ. ಮೂವತ್ತೈದು ಸಾವಿರ ಓಡಿದೆ ಎನ್ನುವ ಕಾರಿನ ಸ್ಟೇರಿಂಗ್ ನುಣುಪಾಗಿ ಹೊಳೆಯುತ್ತಿದ್ದರೆ, ಕ್ಲಚ್ ಪೆಡಲಿನ ರಬ್ಬರ್ ಸವೆದಿದ್ದರೆ, ಚಾಲಕರ ಸೀಟು ಕುಸಿದಿದ್ದರೆ ಅಂಕಿ ಸುಳ್ಳು. ಅಧಿಕೃತ ಸರ್ವಿಸ್ ಸೆಂಟರಿನ ಬಿಲ್ಲುಗಳಲ್ಲಿ ಪ್ರತಿ ಸಲದ ಕಿಲೋಮೀಟರ್ ಬರೆದಿರುತ್ತದೆ, ಮಾಲೀಕರಿಂದ ಕೇಳಿ ಪಡೆಯಿರಿ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿಯ ಗುರುತಿದೆ. 3221 ಎಂದಿದ್ದರೆ 2021ರ 32ನೇ ವಾರದಲ್ಲಿ ತಯಾರಾದದ್ದು. ಪಟ್ಟೆ ಎಷ್ಟೇ ಆಳವಿರಲಿ, ಆರು ವರ್ಷ ದಾಟಿದ ಟೈರನ್ನು ಬದಲಾಯಿಸುವ ಖರ್ಚು ಎಂದೇ ಲೆಕ್ಕ ಹಿಡಿಯಿರಿ. ಗಾಜುಗಳ ಮೇಲೂ ತಯಾರಿಕೆಯ ಗುರುತಿರುತ್ತದೆ. ಐದು ಗಾಜು ಒಂದು ವರ್ಷದ್ದು, ಒಂದು ಮಾತ್ರ ಬೇರೆಯದು ಎಂದರೆ ಆ ಬದಿಗೆ ಏಟು ಬಿದ್ದಿದೆಯೇ ಕೇಳಿ. ಬಾಗಿಲಿನ ರಬ್ಬರ್ ಪಟ್ಟಿ ಎತ್ತಿ ನೋಡಿದರೆ ಕಾರ್ಖಾನೆಯ ವೆಲ್ಡಿಂಗ್ ಚುಕ್ಕಿಗಳು ಸಮ ಅಂತರದಲ್ಲಿ ಕಾಣುತ್ತವೆ. ಅಲ್ಲಿ ಪುಟ್ಟಿ, ಹೊಸ ಬಣ್ಣ ಕಂಡರೆ ಅದು ಸಣ್ಣ ಡೆಂಟ್ ಅಲ್ಲ.

ನಾವಿರುವ ಊರುಗಳಿಗೆ ವಿಶೇಷವಾದದ್ದು ನೀರಿನ ಪರೀಕ್ಷೆ. ಮುಂಬೈಯ 2005ರ ಜುಲೈ 26, ಚೆನ್ನೈಯ 2015ರ ಡಿಸೆಂಬರ್, ಹೈದರಾಬಾದಿನ 2020ರ ಅಕ್ಟೋಬರ್ ಯಾರೂ ಮರೆತಿಲ್ಲ. ಪ್ರತಿ ಮಳೆಗಾಲದ ನಂತರ ಮುಳುಗಿದ ಕಾರುಗಳು ತೊಳೆದು ಒಣಗಿಸಿಕೊಂಡು ಮಾರುಕಟ್ಟೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಒಳಗೆ ಸುತ್ತಿಕೊಂಡಿರುವ ಭಾಗವನ್ನು ಯಾರೂ ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಗಳ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಳಿಯ ಕೆಸರು, ಕಾರ್ಪೆಟ್ ಕೆಳಗಿನ ತೇವ ನೋಡಿ. ಒಳಗೆ ಕೂತ ಕೂಡಲೇ ಸುಗಂಧ ಮೂಗಿಗೆ ಹೊಡೆದರೆ ಯಾವ ವಾಸನೆ ಮುಚ್ಚಲು ಇಷ್ಟು ಸುರಿದಿದ್ದಾರೆ ಎಂದು ಯೋಚಿಸಿ. ಮುಂಬೈ, ಮಂಗಳೂರಿನಂಥ ಕಡಲ ಊರಿನ ಕಾರಾದರೆ ಲಿಫ್ಟಿಗೆ ಹಾಕಿಸಿ ಕೆಳಗಿನ ತುಕ್ಕನ್ನೂ ನೋಡಿ.

ಓಡಿಸಿ ನೋಡುವಾಗ ಅಪಾರ್ಟ್‌ಮೆಂಟಿನ ಸುತ್ತ ಒಂದು ಸುತ್ತು ಸಾಲದು. ಅರ್ಧ ಗಂಟೆಯಾದರೂ ಬೇಕು, ಒಂದು ಫ್ಲೈಓವರ್ ಏರಬೇಕು, ಒಂದು ಕಡೆ ಎಂಬತ್ತು ಮುಟ್ಟಬೇಕು. ಏರಿನಲ್ಲಿ ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲವೆಂದರೆ ಕ್ಲಚ್ ಮುಗಿಯಿತು. ಎಂಬತ್ತರಲ್ಲಿ ಸ್ಟೇರಿಂಗ್ ನಡುಗಬಾರದು, ಬ್ರೇಕ್ ಹಾಕಿದಾಗ ಒಂದು ಬದಿಗೆ ಎಳೆಯಬಾರದು. ಟ್ರಾಫಿಕ್ಕಿನಲ್ಲಿ ನಿಂತಾಗ ಎಸಿ ತಣ್ಣಗಿರಬೇಕು. ಇಷ್ಟೆಲ್ಲ ಮಾಡಿಯೂ, ಕೊನೆಗೆ ಮಾರುವವರಿಗೆ ಸಂಬಂಧವಿಲ್ಲದ ಒಬ್ಬ ಮೆಕ್ಯಾನಿಕ್ಕಿಗೆ ಫೀಸು ಕೊಟ್ಟು ತೋರಿಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಉತ್ತರ ಸಿಕ್ಕಂತೆಯೇ.

ಹಣ ಕೊಡುವ ದಿನ

ಟೈರು, ಬ್ಯಾಟರಿ, ಕ್ಲಚ್ ಯಾವುದಕ್ಕೆಲ್ಲ ಖರ್ಚಿದೆಯೋ ಅದನ್ನು ಕಾಗದದ ಮೇಲೆ ಬರೆದು ಚೌಕಾಶಿ ಮಾಡಿ. 'ಸ್ವಲ್ಪ ಕಡಿಮೆ ಮಾಡಿ' ಎನ್ನುವುದಕ್ಕಿಂತ 'ನಾಲ್ಕು ಟೈರಿಗೆ ಇಷ್ಟು' ಎನ್ನುವ ಮಾತಿಗೆ ತೂಕ ಹೆಚ್ಚು. ಬಜೆಟ್ ನಾಲ್ಕು ಲಕ್ಷವಿದ್ದರೆ ಮೂರೂವರೆಯ ಕಾರು ನೋಡಿ. ಉಳಿದದ್ದು ವರ್ಗಾವಣೆ, ವಿಮೆ, ಮೊದಲ ಸರ್ವಿಸಿಗೆ ಬೇಕೇ ಬೇಕು.

ಮಾರುವವರು ಫಾರಂ 29ಕ್ಕೂ, ಇಬ್ಬರೂ ಫಾರಂ 30ಕ್ಕೂ ಸಹಿ ಹಾಕಬೇಕು. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಖಾಲಿ ಫಾರಮ್ಮಿಗೆ ಸಹಿ ಬೇಡ. ದಿನಾಂಕ, ಹೆಸರು ತುಂಬಿದ ಮೇಲೆಯೇ ಹಾಕಿ. ಕಾರು ಕೈ ಬದಲಾದ ದಿನಾಂಕ, ಸಮಯ, ಕಿಲೋಮೀಟರ್ ಬರೆದ ಒಂದು ಪತ್ರಕ್ಕೆ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಸ್ವಲ್ಪ ಮೊತ್ತವನ್ನು ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಉಳಿಸಿಕೊಳ್ಳುವ ಒಪ್ಪಂದ ಇಬ್ಬರಿಗೂ ಒಳ್ಳೆಯದು.

ವಿಮೆಯಲ್ಲಿ ಎಡವುವವರು ಬಹಳ. ಕಾರಿನ ಜೊತೆ ವಿಮೆಯೂ ಬಂತು ಎಂದುಕೊಳ್ಳುತ್ತಾರೆ. ಬೇರೆಯವರಿಗೆ ಆಗುವ ಹಾನಿಯ ಭಾಗ ಕಾಯ್ದೆಯ ಪ್ರಕಾರ ಹೊಸ ಮಾಲೀಕರಿಗೆ ದಾಟಿದಂತೆಯೇ ಸರಿ. ಆದರೆ ನಿಮ್ಮ ಕಾರಿನ ರಿಪೇರಿಗೆ ಹಣ ಬರಬೇಕಾದರೆ ಪಾಲಿಸಿ ನಿಮ್ಮ ಹೆಸರಿನಲ್ಲಿರಬೇಕು. 14 ದಿನದೊಳಗೆ ಅರ್ಜಿ ಹಾಕಿ. ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕರದು. ಅದು ಹಳೆಯ ಮಾಲೀಕರ ಜೊತೆಗೇ ಹೋಗುತ್ತದೆ, ಆದ್ದರಿಂದ ನಿಮ್ಮ ಪ್ರೀಮಿಯಂ ಸ್ವಲ್ಪ ಏರುತ್ತದೆ. ನೀವು ಮೊದಲಿನ ಕಾರು ಮಾರಿದವರಾದರೆ ನಿಮ್ಮ ಬೋನಸ್ಸಿನ ಪತ್ರ ತೆಗೆದಿಟ್ಟುಕೊಳ್ಳಿ, ಮೂರು ವರ್ಷ ನಡೆಯುತ್ತದೆ. ಹಳೆಯ ಫಾಸ್ಟ್ಯಾಗ್ ಮುಚ್ಚಿಸಿ ನಿಮ್ಮ ಹೆಸರಿನದು ಅಂಟಿಸಿ. ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಇಲ್ಲದಿದ್ದರೆ ಅದನ್ನೂ ಮಾಡಿಸಿ.

ಮೊದಲ ಸಾವಿರ ಕಿಲೋಮೀಟರ್

ಕಾರು ತಂದ ವಾರದಲ್ಲೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್ ಎಲ್ಲ ಬದಲಾಯಿಸಿಬಿಡಿ. ಮೊನ್ನೆ ತಾನೇ ಮಾಡಿಸಿದ್ದೇವೆ ಎಂದರೂ ಸರಿಯೇ. ಅಲ್ಲಿಂದ ನಿಮ್ಮ ಲೆಕ್ಕ ಸೊನ್ನೆಯಿಂದ ಶುರು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಯಾವಾಗ ಬದಲಾಯಿಸಿದ್ದು ಎಂಬುದಕ್ಕೆ ಬಿಲ್ಲು ಇಲ್ಲದಿದ್ದರೆ ಬದಲಾಯಿಸಿಲ್ಲ ಎಂದೇ ತಿಳಿಯಿರಿ. ಅದು ಓಡುವಾಗ ತುಂಡಾದರೆ ಎಂಜಿನ್ನೇ ಹಾಳಾಗಬಹುದು.

ಮೊದಲ ಸಾವಿರ ಕಿಲೋಮೀಟರ್ ಊರಿನೊಳಗೇ ಓಡಿಸಿ. ತಂದ ಮರುವಾರವೇ ಸಂಸಾರ ಸಮೇತ ದಾವಣಗೆರೆಗೆ ಹೊರಡಬೇಡಿ. ಅಡಗಿದ ರೋಗಗಳೆಲ್ಲ ಈ ಅವಧಿಯಲ್ಲಿ ಹೊರಬೀಳುತ್ತವೆ, ಆಗ ಗ್ಯಾರೇಜು ಎರಡು ಕಿಲೋಮೀಟರ್ ದೂರದಲ್ಲಿದ್ದರೆ ಒಳ್ಳೆಯದು.

ನಮ್ಮ ದಾರಿಗಳಲ್ಲಿ ಘಟ್ಟಗಳು ತಪ್ಪಿದ್ದಲ್ಲ. ಮುಂಬೈ ಪುಣೆ ನಡುವೆ ಖಂಡಾಳ, ಪುಣೆ ಸಾತಾರಾ ನಡುವೆ ಖಂಬಾಟಕಿ. ಪುಣೆಗೆ ಮರಳುವಾಗ ಕಾತ್ರಜದ ಹೊಸ ಸುರಂಗ ದಾಟಿ ನವಲೆ ಸೇತುವೆಯ ಕಡೆಗೆ ಇಳಿಯುವ ರಸ್ತೆ ಅಪಘಾತಗಳಿಗೇ ಹೆಸರಾಗಿದೆ. ನ್ಯೂಟ್ರಲ್ಲಿನಲ್ಲಿ ಜಾರಿಬಿಟ್ಟ ಲಾರಿಗಳ ಬ್ರೇಕು ಕಾದು ಹಿಡಿಯದೆ ಹೋಗುವುದು ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಕಾರಣ. ಕಾರಿಗೂ ಅದೇ ನಿಯಮ: ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಎಂಜಿನ್ನೇ ಕಾರನ್ನು ಹಿಡಿಯುತ್ತದೆ, ಬ್ರೇಕು ತುರ್ತಿಗೆ ಉಳಿಯುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕುವುದರಲ್ಲಿ ಉಳಿತಾಯವೂ ಇಲ್ಲ. ಈಗಿನ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನು ತಾವೇ ನಿಲ್ಲಿಸುತ್ತವೆ.

ಮಳೆಯಲ್ಲಿ ನೀರು ನಿಂತ ರಸ್ತೆಗೆ ಇಳಿಯುವ ಮುನ್ನ ಮುಂದಿನ ಗಾಡಿಯ ಚಕ್ರ ಎಷ್ಟು ಮುಳುಗಿತು ನೋಡಿ. ಅರ್ಧ ಚಕ್ರ ದಾಟಿದರೆ ಹೋಗಬೇಡಿ. ನೀರಿನಲ್ಲಿ ಕಾರು ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿನೊಳಗೆ ಹೋದ ನೀರನ್ನು ಪಿಸ್ಟನ್ ಅದುಮಲಾರದು, ಒಳಗಿನ ರಾಡು ಬಾಗುತ್ತದೆ. ಹಾಗೆ ಹಾಳಾದ ಎಂಜಿನ್ನಿಗೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಸಿಗುವುದು ಕಷ್ಟ. ಮುಂಬೈ, ಚೆನ್ನೈಯವರು ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ತೆಗೆದುಕೊಳ್ಳುವುದು ಲೇಸು.

ದಿನವೂ ಐದು ಕಿಲೋಮೀಟರ್ ಆಫೀಸಿಗೆ ಹೋಗಿಬರುವವರು 2020ರ ನಂತರದ ಡೀಸೆಲ್ ಕಾರಿಗೆ ಆಸೆಪಡಬೇಡಿ. ಅದರ ಹೊಗೆ ಕೊಳವೆಯ ಮಸಿ ಹಿಡಿಯುವ ಫಿಲ್ಟರ್ ಶುಚಿಯಾಗಬೇಕಾದರೆ ಹೆದ್ದಾರಿಯ ಓಟ ಬೇಕು. ಹಳೆಯ ಪೆಟ್ರೋಲ್ ಕಾರಿನವರು ಬೇರೊಂದನ್ನು ನೋಡಿಕೊಳ್ಳಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲು. 2023ಕ್ಕಿಂತ ಹಿಂದಿನ ಬಹಳಷ್ಟು ಕಾರುಗಳು ಅದಕ್ಕೆಂದು ತಯಾರಾದವಲ್ಲ. ಸರ್ವಿಸಿನಲ್ಲಿ ಇಂಧನದ ರಬ್ಬರ್ ಪೈಪುಗಳನ್ನು ನೋಡಲು ಹೇಳಿ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ನಿಲ್ಲಲು ಬಿಡಬೇಡಿ.

ಮನೆಯಿಂದಲೇ ಕೆಲಸ ಮಾಡುವವರ ಕಾರು ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಬ್ಯಾಟರಿ ಇಳಿಯುತ್ತದೆ, ಇಲಿ ವೈರು ಕಡಿಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ನಿಂತಲ್ಲೇ ಸ್ಟಾರ್ಟ್ ಮಾಡಿಟ್ಟರೆ ಸಾಲದು. ಹದಿನೈದು ದಿನಕ್ಕೊಮ್ಮೆ ಟೈರು ತಣ್ಣಗಿರುವಾಗ ಗಾಳಿ ನೋಡಿಸಿ, ಸ್ಟೆಪ್ನಿಯನ್ನು ಮರೆಯಬೇಡಿ. ಪುಣೆಯಲ್ಲಿ ಇಡ್ಲಿ ಕೊಡುವ ನಮ್ಮವರು ಬೀದಿಗೊಬ್ಬರು ಸಿಗುತ್ತಾರೆ, ಕಾರು ರಿಪೇರಿ ಮಾಡುವ ನಮ್ಮವರು ಸಿಗುವುದು ಅಪರೂಪ. ಮರಾಠಿಯೋ ತೆಲುಗೋ, ಒಬ್ಬ ಮೆಕ್ಯಾನಿಕ್ಕನ್ನು ಹಿಡಿದುಕೊಂಡು ಅವರಲ್ಲಿಗೇ ಹೋಗಿ. ಬದಲಾಯಿಸಿದ ಹಳೆಯ ಭಾಗವನ್ನು ತೋರಿಸಿ ಎಂದು ನಗುತ್ತಲೇ ಕೇಳಿ. ನಾವು ಐಟಿಯವರಿಗೆ ಎಕ್ಸೆಲ್ ಶೀಟ್ ಹೇಗೂ ಕೈಗಂಟಿದ ಅಭ್ಯಾಸ. ದಿನಾಂಕ, ಕಿಲೋಮೀಟರ್, ಏನು ಮಾಡಿಸಿದ್ದು, ಎಷ್ಟಾಯಿತು: ನಾಲ್ಕು ಕಾಲಮ್ ಸಾಕು. ನೀವು ಮಾರುವ ದಿನ ಅದೇ ನಿಮ್ಮ ಕಾರಿನ ಬೆಲೆಯನ್ನು ಉಳಿಸುತ್ತದೆ.

ಮಾರಿ ಹೊರಡುವವರಿಗೆ

ನಮ್ಮಲ್ಲಿ ಬಹುತೇಕರು ಕೊಳ್ಳುವವರೂ ಹೌದು, ಮಾರಿ ಹೊರಡುವವರೂ ಹೌದು. ವರ್ಗವಾದ ಆದೇಶ ಬಂದು ಹದಿನೈದು ದಿನದಲ್ಲಿ ಊರು ಬಿಡುವಾಗ ಫಾರಮ್ಮಿಗೆ ಸಹಿ ಹಾಕಿ, ಹಣ ಎಣಿಸಿ, ಕೀಲಿ ಕೊಟ್ಟು ರೈಲು ಹತ್ತುತ್ತೇವೆ. ಹೆಸರು ಬದಲಾಯಿತೋ ಇಲ್ಲವೋ ತಿರುಗಿ ನೋಡುವುದಿಲ್ಲ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಅಪಘಾತದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆ ಕಾರು ಮೊದಲ ಮಾಲೀಕರಿಂದ ಒಬ್ಬರಾದ ಮೇಲೊಬ್ಬರಿಗೆ ಮಾರಾಟವಾಗಿ ಹಲವು ಕೈ ದಾಟಿತ್ತು. ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ನ್ಯಾಯಾಲಯ ಹೇಳಿತು. ಕಾರನ್ನು ಕೊಟ್ಟು ವರ್ಷಗಳಾಗಿದ್ದರೂ, ಓಡಿಸಿದವರ ಮುಖವನ್ನೇ ನೋಡಿರದಿದ್ದರೂ ಹೊಣೆ ತಪ್ಪಲಿಲ್ಲ. ಅಪಘಾತದ ಪರಿಹಾರವೆಂದರೆ ಲಕ್ಷಗಳ ಮಾತು. ಪೊಲೀಸರ ನೋಟಿಸು ಬರುವುದೂ ಆರ್‌ಸಿಯಲ್ಲಿರುವ ಹಳೇ ವಿಳಾಸಕ್ಕೆ, ಅಂದರೆ ನೀವು ಬಿಟ್ಟುಬಂದ ಬಾಡಿಗೆ ಮನೆಗೆ.

ಡೀಲರಿಗೆ ಮಾರುವುದಾದರೆ 2023ರ ಏಪ್ರಿಲಿನಿಂದ ಒಂದು ಅನುಕೂಲವಿದೆ. ಆರ್‌ಟಿಓದಿಂದ ಅಧಿಕಾರಪತ್ರ ಪಡೆದ ಡೀಲರಿಗೆ ಕಾರು ಒಪ್ಪಿಸಿ, ಫಾರಂ 29ಸಿಯನ್ನು ಪರಿವಾಹನ್ ಮೂಲಕ ಸಲ್ಲಿಸಿದರೆ, ಅಲ್ಲಿಂದ ಮುಂದೆ ಹೊಣೆ ಡೀಲರಿನದು. ಅದರ ಸ್ವೀಕೃತಿ ಕೈಗೆ ಬರುವವರೆಗೆ ಕೀಲಿ ಕೊಡಬೇಡಿ. ನೇರವಾಗಿ ಒಬ್ಬರಿಗೆ ಮಾರಿದ್ದರೆ, ತಿಂಗಳಾದ ಮೇಲೆ ನಿಮ್ಮ ಹಳೇ ನಂಬರನ್ನು ಎಂಪರಿವಾಹನ್‌ನಲ್ಲಿ ಹಾಕಿ ನೋಡಿ. ಮಾಲೀಕರ ಹೆಸರಿನ ಅಕ್ಷರಗಳು ಇನ್ನೂ ನಿಮ್ಮವೇ ಆಗಿದ್ದರೆ ಕೊಂಡವರಿಗೆ ಇವತ್ತೇ ಫೋನ್ ಮಾಡಿ.

ಈ ಹಿಂದೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕಾರು, ಸ್ಕೂಟರು ಮಾರಿ ಬಂದವರು ಕೂಡ ಈ ಒಂದು ಕೆಲಸ ಮಾಡಿ. ಎರಡು ನಿಮಿಷದ್ದು.